ಬಾಗಿಲ ತುಕ್ಕಿನ ಮೇಲೆ ನೇರ ಪುಟ್ಟಿ ಬೇಡ

ಮಂಡ್ಯದಲ್ಲಿರುವ ನಿಮ್ಮ ಹಳೇ ಮಾರುತಿ 800ರ ಬಾಗಿಲ ಕೆಳಗೆ ಪೇಂಟ್ ಉಬ್ಬಿದೆ, ಮೇಲೆ ಪುಟ್ಟಿ ಹಾಕಿದರೆ ಸಾಕಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಪುಟ್ಟಿ ತೇವ ಹೀರುತ್ತದೆ, ಅಡಿಯಲ್ಲಿ ತುಕ್ಕು ಹರಡುತ್ತಲೇ ಇರುತ್ತದೆ.

ಸ್ಕ್ರೂಡ್ರೈವರ್ ತುದಿಯಿಂದ ಕೆರೆದು ಒತ್ತಿ ನೋಡಿ. ತೂತು ಬಿದ್ದರೆ ಟಿಂಕರಿಂಗ್‌ನವರ ಹತ್ತಿರವೇ ಹೋಗಿ, ತಗಡು ವೆಲ್ಡ್ ಆಗಬೇಕು. ಗಟ್ಟಿಯಾಗಿದ್ದರೆ ಮಾಸ್ಕ್ ಹಾಕಿಕೊಂಡು, 80 ನಂಬರ್ ಉಪ್ಪುಕಾಗದದಲ್ಲಿ ಉಬ್ಬಿನಿಂದ ಎರಡು ಬೆರಳು ಆಚೆಯವರೆಗೂ ಉಜ್ಜಿ. ತಗಡು ಬೆಳ್ಳಗೆ ಹೊಳೆಯಬೇಕು. ಗುಳಿಗಳಲ್ಲಿ ಕಪ್ಪು ಚುಕ್ಕೆ ಉಳಿದರೆ ರಸ್ಟ್ ಕನ್ವರ್ಟರ್ (ಉಳಿದ ತುಕ್ಕನ್ನು ಗಟ್ಟಿ ಪದರವಾಗಿ ಬದಲಿಸುವ ದ್ರವ) ಹಚ್ಚಿ ಒಣಗಿಸಿ. ಆಮೇಲೆ ಪ್ರೈಮರ್, ಪುಟ್ಟಿ, ಮತ್ತೆ ಪ್ರೈಮರ್, ಪೇಂಟ್.

ಇನ್ನೊಂದು, ಬಾಗಿಲ ಅಡಿಯಲ್ಲಿ ನೀರು ಇಳಿಯುವ ಸಣ್ಣ ತೂತುಗಳಿವೆ ಅಲ್ವಾ? ಗದ್ದೆ ಬದಿಯ ರಸ್ತೆಯ ಕೆಸರು ಅಲ್ಲಿ ಕಟ್ಟಿಕೊಂಡರೆ ನೀರು ಒಳಗೇ ನಿಂತು ತುಕ್ಕು ಹಿಡಿಯುತ್ತದೆ. ತಂತಿ ಹಾಕಿ ಬಿಡಿಸಿ. ಮಳೆಗಾಲಕ್ಕೆ ಮುಂಚೆಯೇ ಮುಗಿಸಿಕೊಳ್ಳಿ.