ಮನೆಗೂ ಉಸಿರಾಟ ಬೇಕು

ಪ್ರಶ್ನೆ: ಹೊಸ ಮನೆ ಕಟ್ಟಿಸಲು ಹೊರಟಿದ್ದೇವೆ. ಇನ್ನು ಮುಂದೆ ಕರೆಂಟ್ ಉಳಿಸುವ ಮನೆಗಳದ್ದೇ ಕಾಲ, ಒಂದು ಸಂದೂ ಬಿಡದೆ ಬಿಗಿಯಾಗಿ ಕಟ್ಟಬೇಕು ಅಂತಾರೆ. ನನ್ನ ಮಗಳಿಗೆ ಆಸ್ತಮಾ ಇದೆ. ಹಾಗೆ ಕಟ್ಟಿದರೆ ಒಳಗಿನ ಗಾಳಿ ಕೆಡೋದಿಲ್ವಾ?

ಉತ್ತರ: ಬರೀ ಮುಚ್ಚಿಬಿಟ್ಟರೆ ಖಂಡಿತ ಕೆಡುತ್ತದೆ. 1970ರ ದಶಕದಲ್ಲಿ ತೈಲದ ಬೆಲೆ ಏರಿದಾಗ ಇದೇ ಆಯಿತು. ಇಂಧನ ಉಳಿಸಬೇಕು ಅಂತ ಕಟ್ಟಡಗಳನ್ನು ಬಿಗಿಯಾಗಿ ಮುಚ್ಚಿದರು, ಒಳಗೆ ಬರುವ ಹೊಸ ಗಾಳಿಯನ್ನೂ ಕಡಿಮೆ ಮಾಡಿದರು, ಆಮೇಲೆ ಅಲ್ಲಿ ಕೂತು ಕೆಲಸ ಮಾಡುವವರಿಗೆ ತಲೆನೋವು, ಕಣ್ಣುರಿ, ಸುಸ್ತು ಶುರುವಾಯಿತು. ಅದಕ್ಕೆ ‘ಸಿಕ್ ಬಿಲ್ಡಿಂಗ್ ಸಿಂಡ್ರೋಮ್’ ಅಂತ ಹೆಸರೇ ಬಂತು.

ಹಾಗಂತ ಬಿಗಿ ಮನೆ ಅಂದರೇನೇ ಕೆಟ್ಟದ್ದಲ್ಲ. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 1991ರಲ್ಲಿ ಮೊದಲ ‘ಪ್ಯಾಸಿವ್ ಹೌಸ್’ನಲ್ಲಿ ಜನ ವಾಸ ಶುರು ಮಾಡಿದರು. ಬಿಸಿ ದಾಟದಂತೆ ತಡೆಯುವ ದಪ್ಪ ಪದರ (ಇನ್ಸುಲೇಷನ್), ಮೂರು ಪದರದ ಗಾಜು, ಎಲ್ಲೂ ಸಂದಿಲ್ಲ. ಆದರೆ ಹೊಸ ಗಾಳಿ ತರೋಕೆ ಒಂದು ಯಂತ್ರ ಸದಾ ಓಡುತ್ತಿರುತ್ತದೆ. ಹೊರಗೆ ಹೋಗುವ ಗಾಳಿಯ ಬಿಸಿಯನ್ನು ಅದು ಒಳಗೆ ಬರುವ ಗಾಳಿಗೆ ದಾಟಿಸುತ್ತದೆ, ಎರಡು ಗಾಳಿಯೂ ಒಂದಕ್ಕೊಂದು ಬೆರೆಯುವುದಿಲ್ಲ. ಇಂಥ ಮನೆಯನ್ನು ಬಿಸಿಯಾಗಿಡಲು ಚದರ ಮೀಟರ್‌ಗೆ ವರ್ಷಕ್ಕೆ 15 ಯೂನಿಟ್‌ಗಿಂತ ಜಾಸ್ತಿ ಬೇಕಾಗಬಾರದು ಅನ್ನೋದು ಅವರ ಲೆಕ್ಕ. ಬಿಗಿ ಮತ್ತು ಗಾಳಿ, ಎರಡೂ ಒಟ್ಟಿಗೇ ಬರಬೇಕು. ನಿಮ್ಮ ಎಂಜಿನಿಯರ್ ಮೊದಲನೆಯದರ ಬಗ್ಗೆ ಮಾತ್ರ ಮಾತಾಡುತ್ತಿದ್ದರೆ ಅಲ್ಲೇ ತಡೆದು ಕೇಳಿ.

ನಾನೊಮ್ಮೆ ಸಣ್ಣದೊಂದು ಕಾರ್ಬನ್ ಡೈಆಕ್ಸೈಡ್ ಮೀಟರ್ ತಂದು ಮಂಚದ ಪಕ್ಕ ಇಟ್ಟಿದ್ದೆ. ಇಬ್ಬರು ಮಲಗುವ ರೂಮು, ಬಾಗಿಲು ಕಿಟಕಿ ಎರಡೂ ಹಾಕಿತ್ತು. ಮಲಗುವಾಗ 600 ಚಿಲ್ಲರೆ ಇದ್ದದ್ದು ಬೆಳಗಿನ ಜಾವಕ್ಕೆ 2,100 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ ಎಷ್ಟು ಭಾಗ ಅನ್ನೋ ಲೆಕ್ಕ) ದಾಟಿತ್ತು! ಹೊರಗಿನ ಗಾಳಿಯಲ್ಲಿ ಅದು 420ರ ಆಸುಪಾಸು ಇರುತ್ತದೆ. ಮಾರನೇ ರಾತ್ರಿ ಕಿಟಕಿಯನ್ನು ನಾಲ್ಕು ಬೆರಳಷ್ಟು ತೆಗೆದು, ಬಾಗಿಲು ಓರೆ ಮಾಡಿ ಮಲಗಿದೆವು. 900 ಮುಟ್ಟಲಿಲ್ಲ. ಅಷ್ಟು ಕಾರ್ಬನ್ ಡೈಆಕ್ಸೈಡ್‌ನಿಂದಲೇ ಕಾಯಿಲೆ ಬರುತ್ತದೆ ಅಂತಲ್ಲ, ನಾವು ಬಿಟ್ಟ ಉಸಿರು ರೂಮಿನಲ್ಲೇ ಸುತ್ತುತ್ತಿದೆ ಅಂತ ಆ ಮೀಟರ್ ಹೇಳುತ್ತದೆ, ಅಷ್ಟೇ.

ನಿಮ್ಮ ಮಗಳ ವಿಷಯದಲ್ಲಿ ಇನ್ನೊಂದು ಮಾತು. ಹೊರಗೆ ಧೂಳು, ಹೊಗೆ ಜಾಸ್ತಿ ಇದ್ದರೆ ಕಿಟಕಿ ತೆಗೆಯೋದೊಂದೇ ಸಾಲದು, ಬರುವ ಗಾಳಿಯನ್ನು ಸೋಸಲೇಬೇಕು. ಪಿಎಂ 2.5 ಅನ್ನುವ ಸಣ್ಣ ಕಣಗಳು ವರ್ಷದ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 10 ಮೈಕ್ರೋಗ್ರಾಂ ದಾಟಬಾರದು ಅಂತಿದ್ದ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅದನ್ನು 5ಕ್ಕೆ ಇಳಿಸಿತು. ಗಾಳಿ ಒಳಗೆ ಬರುವ ದಾರಿಯಲ್ಲೇ ಫಿಲ್ಟರ್ ಕೂರಿಸಲು ಜಾಗ ಬಿಡಿಸಿ, ಗೋಡೆ ಎದ್ದ ಮೇಲೆ ಅದು ಕಷ್ಟ. ಬಚ್ಚಲು, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು ಗಾಳಿಯನ್ನು ಮನೆ ಹೊರಗೇ ತಳ್ಳಬೇಕು, ಫಾಲ್ಸ್ ಸೀಲಿಂಗ್ ಒಳಗಲ್ಲ. ತೇವ ನಿಂತಲ್ಲಿ ಬೂಷ್ಟು ಬರುತ್ತದೆ, ಆಸ್ತಮಾ ಇರುವವರಿಗೆ ಅದು ತುಂಬಾ ಕೆಟ್ಟದ್ದು.

ಪ್ರಶ್ನೆ: ಹೊಸ ವಾರ್ಡ್‌ರೋಬ್ ಮಾಡಿಸಿ ಎರಡು ತಿಂಗಳಾಯಿತು. ಬಾಗಿಲು ತೆಗೆದರೆ ಈಗಲೂ ಕಣ್ಣು ಉರಿಯುವಂಥ ವಾಸನೆ. ಸುಮ್ನೆ ಬಿಟ್ಟರೆ ಹೋಗುತ್ತಾ?

ಉತ್ತರ: ನಿಧಾನಕ್ಕೆ ಕಡಿಮೆಯಾಗುತ್ತದೆ, ಆದರೆ ಸುಮ್ನೆ ಬಿಡಬೇಡಿ. ಪ್ಲೈವುಡ್, ಪಾರ್ಟಿಕಲ್ ಬೋರ್ಡ್‌ನ ಅಂಟಿನಿಂದ ಬರುವ ಫಾರ್ಮಾಲ್ಡಿಹೈಡ್ ಇರಬಹುದು. ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುವಂಥದ್ದು ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಸೆಕೆ, ತೇವ ಹೆಚ್ಚಿದಷ್ಟೂ ಜಾಸ್ತಿ ಹೊರಬರುತ್ತದೆ. ಹಗಲೆಲ್ಲ ವಾರ್ಡ್‌ರೋಬ್ ಬಾಗಿಲು, ಕಿಟಕಿ ಎರಡೂ ತೆಗೆದಿಡಿ. ಲ್ಯಾಮಿನೇಟ್ ಅಂಟಿಸದೆ ಬಿಟ್ಟ ಹಿಂಬದಿ, ಕೊರೆದ ಅಂಚುಗಳನ್ನು ಮುಚ್ಚಿಸಿ, ವಾಸನೆ ಹೊರಡೋದೇ ಅಲ್ಲಿಂದ. ಮುಂದಿನ ಸಲ ಬೋರ್ಡ್ ಕೊಳ್ಳುವಾಗ ಮೇಲಿನ ಬಣ್ಣಕ್ಕಿಂತ ಮೊದಲು, ಫಾರ್ಮಾಲ್ಡಿಹೈಡ್ ಕಡಿಮೆ ಬಿಡುತ್ತದೆ ಅಂತ ಹೇಳುವ ಇ1, ಇ0 ಅನ್ನುವ ಗುರುತು ನೋಡಿ.

ಪ್ರಶ್ನೆ: ತಂದೆ ಕಟ್ಟಿಸಿದ ನಲವತ್ತು ವರ್ಷದ ಮನೆ. ಕೆಡವಿ ‘ಗ್ರೀನ್’ ಮನೆ ಕಟ್ಟೋಣ ಅಂತಾನೆ ಮಗ. ಏನು ಹೇಳ್ತೀರಿ?

ಉತ್ತರ: ಅಡಿಪಾಯ, ಕಂಬ, ಗೋಡೆ ಗಟ್ಟಿ ಇದ್ದರೆ ಕೆಡವಬೇಡಿ ಅಂತ ಮಗನಿಗೆ ನಾನೇ ಹೇಳುತ್ತೇನೆ. ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ತೋರಿಸಿ. ಸಿಮೆಂಟ್ ಮಾಡಲು ಸುಣ್ಣದ ಕಲ್ಲನ್ನು ಸುಮಾರು 1,450 ಡಿಗ್ರಿಯವರೆಗೆ ಕಾಯಿಸುತ್ತಾರೆ. ಉರಿಸುವ ಇಂಧನದ ಹೊಗೆ ಒಂದು ಕಡೆಯಾದರೆ, ಆ ಕಲ್ಲಿನಿಂದಲೇ ಅದಕ್ಕಿಂತ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಹೊರಡುತ್ತದೆ. ನಿಮ್ಮ ತಂದೆಯ ಮನೆಗೆ ಆ ಹೊಗೆ ಆಗಲೇ ಹೋಗಿ ಆಯಿತು, ಕೆಡವಿ ಕಟ್ಟಿದರೆ ಇನ್ನೊಮ್ಮೆ. ಸುಟ್ಟ ಜೇಡಿಮಣ್ಣು, ಸುಣ್ಣದ ಕಲ್ಲಿನ ಪುಡಿ ಬೆರೆಸಿದ ಎಲ್‌ಸಿ3 ಅನ್ನುವ ಸಿಮೆಂಟ್ ಈಗ ಬರುತ್ತಿದೆ, ಅದರಲ್ಲಿ ಈ ಹೊರೆ ಸುಮಾರು ಶೇ. 30ರಿಂದ 40ರಷ್ಟು ಕಡಿಮೆ. ಒಳ್ಳೆಯದೇ, ಆದರೆ ಇರುವ ಗೋಡೆ ಉಳಿಸಿಕೊಂಡರೆ ಅದಕ್ಕಿಂತಲೂ ಕಡಿಮೆ.

ಉಳಿದ ದುಡ್ಡನ್ನು ತಾರಸಿಯ ಇನ್ಸುಲೇಷನ್‌ಗೆ, ಕಿಟಕಿಯ ನೆರಳಿಗೆ ಹಾಕಿ. ನೆರಳು ಗಾಜಿನ ಹೊರಗಿರಬೇಕು, ಬಿಸಿಲು ಒಳಗೆ ಬಂದ ಮೇಲೆ ಪರದೆ ಎಳೆದರೆ ಅಷ್ಟು ಉಪಯೋಗವಿಲ್ಲ. ಪಶ್ಚಿಮದ ಕಿಟಕಿಗೆ ಸಜ್ಜಾ ಸಾಲದು, ಸಂಜೆ ಬಿಸಿಲು ಓರೆಯಾಗಿ ಅದರ ಕೆಳಗಿಂದಲೇ ನುಗ್ಗುತ್ತದೆ, ಅಲ್ಲಿಗೆ ನೆಟ್ಟಗೆ ನಿಲ್ಲುವ ಪಟ್ಟಿಗಳೋ ಬಳ್ಳಿಯೋ ಬೇಕು. ಹಳೇ ಬಣ್ಣದಲ್ಲಿ ಸೀಸ ಇರಬಹುದು. ಒಣಗಿದ್ದಾಗ ಉಜ್ಜಿಸಬೇಡಿ, ನೀರು ಚಿಮುಕಿಸಿ ಕೆರೆಸಿ, ಕೆಲಸ ಮುಗಿದು ನೆಲವನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸುವವರೆಗೂ ಮಕ್ಕಳನ್ನು ಒಳಗೆ ಬಿಡಬೇಡಿ.