ನೋವು ಏರುವ ಮೊದಲೇ ಗುಳಿಗೆ

ಪ್ರಶ್ನೆ: ತಾಯಿಗೆ 68 ವರ್ಷ, ತೂಕ 54 ಕಿಲೋ. ಮುಂಬಯಿಯಲ್ಲಿ ಮಂಡಿ ಬದಲಿ ಆಪರೇಷನ್ ಆಗಿ ಮನೆಗೆ ಬಂದಿದ್ದಾರೆ. ಪ್ಯಾರಾಸಿಟಮಾಲ್ 650 ದಿನಕ್ಕೆ ನಾಲ್ಕು ಸಲ, ಟ್ರಮಡಾಲ್ ಕೂಡಿದ ಗುಳಿಗೆ ‘ಎಸ್‌ಒಎಸ್’ ಎಂದು ಬರೆದಿದ್ದಾರೆ. ‘ಅಭ್ಯಾಸವಾಗಿಬಿಡುತ್ತೆ’ ಎಂದು ಹಗಲೆಲ್ಲ ಹಲ್ಲು ಕಚ್ಚಿ ತಡೆದು, ರಾತ್ರಿ ಅಳುತ್ತಾರೆ. ಫಿಸಿಯೋದವರು ಬಂದರೆ ಕಾಲು ಮಡಚಲು ಬಿಡುವುದಿಲ್ಲ.
– ಓದುಗರು, ಡೊಂಬಿವಲಿ

ಉತ್ತರ: ಹಗಲು ಗುಳಿಗೆ ಬಿಟ್ಟದ್ದೇ ರಾತ್ರಿಯ ಅಳುವಿಗೆ ಕಾರಣ. ನುಂಗಿದ ಗುಳಿಗೆ ಕೆಲಸ ಶುರುಮಾಡಲು ಅರ್ಧ-ಮುಕ್ಕಾಲು ಗಂಟೆ ಬೇಕು. ಅಷ್ಟರಲ್ಲಿ ಬೆನ್ನುಹುರಿಯ ನರಗಳು ಕೆರಳಿ, ಸಣ್ಣ ಅಲುಗಾಟವೂ ದೊಡ್ಡ ನೋವಾಗಿ ಕಾಣುತ್ತದೆ. ಏರಿದ ನೋವನ್ನು ಇಳಿಸಲು ಹೆಚ್ಚು ಔಷಧಿ ಬೇಕಾಗುತ್ತದೆ.

ಎಸ್‌ಒಎಸ್ ಎಂದರೆ ಬೇಕಾದಾಗ ಮಾತ್ರ. ಅದನ್ನು ಬರೆದದ್ದು ಟ್ರಮಡಾಲ್‌ಗೆ, ಪ್ಯಾರಾಸಿಟಮಾಲ್‌ಗೆ ಅಲ್ಲ. ಪ್ಯಾರಾಸಿಟಮಾಲನ್ನು ಗಡಿಯಾರ ನೋಡಿ ಕೊಡಿ: ಬೆಳಿಗ್ಗೆ 6, ಮಧ್ಯಾಹ್ನ 12, ಸಂಜೆ 6, ಮಲಗುವಾಗ 11. ‘ನೋವಿದೆಯಾ ಅಮ್ಮಾ?’ ಎಂದು ಕೇಳಿ ಕೊಡುವ ಗುಳಿಗೆ ಅದಲ್ಲ. ಅದರಿಂದ ಚಟ ಹತ್ತುವುದೂ ಇಲ್ಲ. ಟ್ರಮಡಾಲ್ ಅಫೀಮಿನ ಗುಂಪಿನದು, ಅಭ್ಯಾಸದ ಭಯಕ್ಕೆ ಅಲ್ಲಿ ಅರ್ಥವಿದೆ. ಆದ್ದರಿಂದ ವೈದ್ಯರು ಹೇಳಿದಷ್ಟೇ ದಿನ ಕೊಟ್ಟು, ನೋವು ತಗ್ಗಿದಾಗ ಮೊದಲು ಅದನ್ನೇ ಬಿಡಿಸಬೇಕು. ಫಿಟ್ಸ್ ಇದ್ದವರು, ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳದೆ ಅದನ್ನು ಮುಟ್ಟಬಾರದು. ವಾಕರಿಕೆ, ತಲೆಸುತ್ತು, ಮಲಬದ್ಧತೆ ಸಾಮಾನ್ಯ. ಮೊದಲ ದಿನದಿಂದಲೇ ಮಲ ಸಡಿಲಿಸುವ ಔಷಧಿ ಕೇಳಿ ಪಡೆಯಿರಿ, ರಾತ್ರಿ ಬಚ್ಚಲಿಗೆ ಒಬ್ಬರನ್ನೇ ಕಳಿಸಬೇಡಿ.

ಈಗ ಲೆಕ್ಕ. 650 ನಾಲ್ಕು ಸಲ ಎಂದರೆ 2600 ಮಿಲಿಗ್ರಾಂ. ಟ್ರಮಡಾಲ್ ಕೂಡಿದ ಗುಳಿಗೆಯ ಸ್ಟ್ರಿಪ್ ತಿರುಗಿಸಿ ನೋಡಿ, ಸಾಮಾನ್ಯವಾಗಿ ಅದರಲ್ಲೂ 325 ಪ್ಯಾರಾಸಿಟಮಾಲ್ ಇರುತ್ತದೆ. ಎರಡು ಕೊಟ್ಟರೆ ಒಟ್ಟು 3250. ಆರೋಗ್ಯವಂತ ವಯಸ್ಕರಿಗೆ 24 ಗಂಟೆಯ ಮೇಲ್ಮಿತಿ 4000 ಇದ್ದರೂ ತಾಯಿಯವರ ವಯಸ್ಸು, ತೂಕಕ್ಕೆ 3250 ದಾಟಬೇಡಿ. ಲಿವರ್ ತೊಂದರೆ ಇದ್ದರೆ ಮಿತಿ ಇನ್ನೂ ಕೆಳಗೆ. ಇದರ ನಡುವೆ ಶೀತ-ಜ್ವರದ ಗುಳಿಗೆ ತರಿಸಬೇಡಿ, ಅದರಲ್ಲಿ ಹೆಚ್ಚಾಗಿ ಇರುವುದೂ ಪ್ಯಾರಾಸಿಟಮಾಲೇ.

ಮಲಗಿದ್ದಾಗ ನೋವಿಲ್ಲ ಎಂಬುದು ಅಳತೆಯಲ್ಲ. ಕಾಲು ಮಡಚಿದಾಗ, ನಾಲ್ಕು ಹೆಜ್ಜೆ ನಡೆದಾಗ 0ಯಿಂದ 10ರಲ್ಲಿ ಎಷ್ಟು ಎಂದು ಕೇಳಿ ಬರೆದಿಡಿ. ನೋವು ಸೊನ್ನೆಗೆ ಇಳಿಯಬೇಕಿಲ್ಲ, ವ್ಯಾಯಾಮ ಮಾಡುವಷ್ಟು ತಗ್ಗಿದರೆ ಸಾಕು. ಫಿಸಿಯೋದವರನ್ನು ಗುಳಿಗೆ ನುಂಗಿ ಮುಕ್ಕಾಲು ಗಂಟೆಯ ಮೇಲೆ ಬರಹೇಳಿ. ಬಳಿಕ ಬಟ್ಟೆಯಲ್ಲಿ ಸುತ್ತಿದ ಐಸ್ 15–20 ನಿಮಿಷ ಇಡಿ, ಬ್ಯಾಂಡೇಜ್ ಒದ್ದೆಯಾಗದಿರಲಿ. ಮಂಡಿಯ ಕೆಳಗೆ ದಿಂಬು ಇಟ್ಟರೆ ಹಾಯೆನಿಸುತ್ತದೆ, ಆದರೆ ಕಾಲು ಮಡಚಿದ ಹಾಗೆಯೇ ಬಿಗಿಯುತ್ತದೆ. ದಿಂಬು ಹಿಮ್ಮಡಿಯ ಕೆಳಗಿರಲಿ. ಮೀನಖಂಡ ಊದಿ ನೋಯತೊಡಗಿದರೆ, ಗಾಯದಿಂದ ಕೀವು ಬಂದರೆ ಅದೇ ದಿನ ಸರ್ಜನ್‌ಗೆ ತೋರಿಸಿ.

ಪ್ರಶ್ನೆ: ದುರ್ಬೀನಿನಲ್ಲಿ ಪಿತ್ತಕೋಶ ತೆಗೆಸಿ ಎರಡು ದಿನ. ಹೊಟ್ಟೆಗಿಂತ ಬಲ ಭುಜವೇ ನೋಯುತ್ತಿದೆ. ಹೃದಯದ್ದೇ?
– ಓದುಗರು, ಪಿಂಪ್ರಿ, ಪುಣೆ

ಉತ್ತರ: ಆಪರೇಷನ್ ವೇಳೆ ಹೊಟ್ಟೆ ಉಬ್ಬಿಸಲು ಇಂಗಾಲದ ಡೈ ಆಕ್ಸೈಡ್ ತುಂಬುತ್ತಾರೆ. ಉಳಿದ ಅನಿಲ ಎದೆ-ಹೊಟ್ಟೆಗಳ ನಡುವಿನ ಸ್ನಾಯುಪರದೆಯಾದ ವಪೆಯನ್ನು ಕೆರಳಿಸುತ್ತದೆ. ವಪೆಯ ನರ ಹೊರಡುವುದು ಕುತ್ತಿಗೆಯಿಂದ, ಭುಜದ ನರಗಳ ನೆರೆಯಿಂದಲೇ. ಅದಕ್ಕೆ ನೋವು ಭುಜದಲ್ಲಿ ಕಾಣುತ್ತದೆ. ಸಾಮಾನ್ಯವಾಗಿ ಎರಡು-ಮೂರು ದಿನದಲ್ಲಿ ಕರಗುತ್ತದೆ, ಮನೆಯೊಳಗೇ ಅಡ್ಡಾಡಿ. ಕೆಮ್ಮುವಾಗ ಹೊಟ್ಟೆಗೆ ದಿಂಬು ಅವುಚಿಕೊಳ್ಳಿ. ಎದೆ ಒತ್ತಿದಂತಾಗಿ ಬೆವರಿದರೆ, ಉಸಿರು ಕಟ್ಟಿದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಹರ್ನಿಯಾ ಆಪರೇಷನ್ ಆದ ತಂದೆ ಬಿಪಿಗೆ ರಾಮಿಪ್ರಿಲ್, ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಮನೆಯಲ್ಲಿ ಹಳೆಯ ಡೈಕ್ಲೋಫೆನಾಕ್ ಇದೆ, ಕೊಡಲೇ?
– ಓದುಗರು, ವಾಸ್ಕೋ, ಗೋವಾ

ಉತ್ತರ: ಬೇಡ. ಈ ಮೂರೂ ಸೇರಿದರೆ ಕಿಡ್ನಿಯೊಳಗೆ ರಕ್ತ ಸೋಸುವ ಒತ್ತಡ ಕುಸಿದು ಅದು ದಿಢೀರನೆ ಸೋಲಬಹುದು. ನೀರು ಕಡಿಮೆ ಕುಡಿದಿದ್ದರೆ ಅಪಾಯ ಇನ್ನೂ ಹೆಚ್ಚು. ಸರ್ಜನ್‌ಗೆ ಬಿಪಿ ಮಾತ್ರೆಗಳ ಹೆಸರು ಹೇಳಿ, ಬೇರೆ ನೋವಿನ ಔಷಧಿ ಬರೆಸಿಕೊಳ್ಳಿ. ಈಗಾಗಲೇ ಕೊಟ್ಟಿದ್ದು ಮೂತ್ರ ಕಡಿಮೆಯಾಗಿದ್ದರೆ ಇಂದೇ ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ.