ಬೆಟ್ಟ-ಕೆರೆ ಫೋಟೋ: ಕಲರಾ, ಕಪ್ಪು-ಬಿಳುಪಾ?

ಚಿಕ್ಕಮಗಳೂರಿಗೆ ಹೋಗುತ್ತಿದ್ದೇನೆ, ಬೆಟ್ಟ-ಕೆರೆ ಫೋಟೋಗಳನ್ನು ಕಲರ್‌ನಲ್ಲೇ ಇಡಲಾ, ಕಪ್ಪು-ಬಿಳುಪು ಮಾಡಲಾ ಅಂತ ಕೇಳಿದ್ದೀರಿ. ಯಾವ ತಿಂಗಳು ಅಂತ ಮಾತ್ರ ಹೇಳಿಲ್ಲ. ನನ್ನ ಉತ್ತರ ಅರ್ಧ ಅದರ ಮೇಲೇ ನಿಂತಿದೆ.

ನಾನು ಮತ್ತೆ ಮತ್ತೆ ಹೋಗುವುದು ಹಿರೇಕೊಳಲೆ ಕೆರೆಗೆ. ಪೇಟೆಯಿಂದ ಸುಮಾರು 10 ಕಿ.ಮೀ. ಕೆರೆಯ ಏರಿ ಮೇಲೆ ನಿಂತರೆ ಎದುರಿಗೆ ನೀರು, ಆಚೆ ಬೆಟ್ಟದ ಸಾಲು. ಮೊದಲ ಸಲ ಹೋದದ್ದು ಆಗಸ್ಟ್‌ನಲ್ಲಿ. ಮೋಡ ಮುಚ್ಚಿತ್ತು, ಎಲ್ಲಿ ನೋಡಿದರೂ ಹಸಿರು. ಖುಷಿಯಿಂದ ಇನ್ನೂರು ಫೋಟೋ ತೆಗೆದೆ, ಮನೆಗೆ ಬಂದು ಅಷ್ಟನ್ನೂ ಕಪ್ಪು-ಬಿಳುಪು ಮಾಡಿದೆ. ಒಂದೊಂದೂ ತಣ್ಣಗಾದ ಗಂಜಿ! ದಂಡೆಯ ಕೆಂಪು ಮಣ್ಣು, ಅದರ ಪಕ್ಕದ ಹುಲ್ಲು ಕಲರ್‌ನಲ್ಲಿ ಎಷ್ಟು ಚೆನ್ನಾಗಿ ಬೇರೆ ಬೇರೆ ಕಾಣುತ್ತಿದ್ದವು. ಬಣ್ಣ ತೆಗೆದದ್ದೇ ತಡ, ಎರಡೂ ಒಂದೇ ಬೂದು. ಬಣ್ಣ ಬೇರೆ ಇದ್ದರೂ ಹೊಳಪು ಒಂದೇ ಇತ್ತು, ಅಷ್ಟೇ. ಬಿಸಿಲಿಲ್ಲದ್ದರಿಂದ ನೆರಳೂ ಇರಲಿಲ್ಲ.

ಅದೇ ಜಾಗ ಜನವರಿಯಲ್ಲಿ ನೋಡಿ. ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿರುತ್ತದೆ. ಬೆಟ್ಟದ ಮಡಿಕೆಗಳಲ್ಲಿ ದಟ್ಟವಾಗಿ ಬೆಳೆಯುವ ಶೋಲಾ ಕಾಡು ಮಾತ್ರ ಕಡು ಹಸಿರು. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಕಪ್ಪು-ಬಿಳುಪಿಗೆ ಇದಕ್ಕಿಂತ ಇನ್ನೇನು ಬೇಕು? ಹಾಗಾಗಿ ಮಳೆಗಾಲಕ್ಕೆ ಕಲರ್, ಬೇಸಿಗೆ ಹತ್ತಿರವಾದರೆ ಕಪ್ಪು-ಬಿಳುಪು ಅಂತ ನನ್ನ ಲೆಕ್ಕ. ಬೆಟ್ಟಕ್ಕೆ ಮಂಜು ಸುತ್ತಿಕೊಂಡ ದಿನ ಮಾತ್ರ ಈ ಲೆಕ್ಕ ತಲೆಕೆಳಗು. ಆಗ ಸಾಲಿನ ಹಿಂದೆ ಸಾಲು ತೆಳುವಾಗುತ್ತಾ ಹೋಗುತ್ತದೆ, ಬಣ್ಣದ ಹಂಗೇ ಬೇಡ.

ಕಪ್ಪು-ಬಿಳುಪಿಗೆ ಲೆನ್ಸ್ ಮುಂದೆ ಕೆಂಪು ಫಿಲ್ಟರ್ (ಬಣ್ಣದ ಗಾಜು) ಹಾಕಿದರೆ ಆಕಾಶ ಕಪ್ಪಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. 1927ರಲ್ಲಿ ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಅಲ್ಲಿನ ಯೊಸೆಮಿಟಿ ಕಣಿವೆಯ ಹಾಫ್ ಡೋಮ್ ಬಂಡೆಯನ್ನು ಮೊದಲು ಹಳದಿ ಫಿಲ್ಟರ್ ಹಾಕಿ ತೆಗೆದರು, ಸಮಾಧಾನವಾಗದೆ ಉಳಿದಿದ್ದ ಕೊನೆಯ ಪ್ಲೇಟಿಗೆ (ಫಿಲ್ಮ್ ಬದಲು ಬಳಸುತ್ತಿದ್ದ ಗಾಜಿನ ಹಲಗೆ) ಕಡು ಕೆಂಪು ಫಿಲ್ಟರ್ ಹಾಕಿದರು. ಪ್ರಸಿದ್ಧವಾದದ್ದು ಆ ಎರಡನೆಯದು. ಆದರೆ ಅಲ್ಲಿದ್ದದ್ದು ಹೆಚ್ಚಾಗಿ ಬಂಡೆ, ಹಿಮ. ನಮ್ಮ ಮಲೆನಾಡಲ್ಲಿ ಅದನ್ನೇ ಮಾಡಿದರೆ ಕಾಡೆಲ್ಲ ಇದ್ದಲು. ಇನ್ನೊಂದು ವಿಷಯ: ಕೆಂಪು ಫಿಲ್ಟರ್ ದೂರದ ನೀಲಿ ಮಬ್ಬನ್ನು ಕಡಿಮೆ ಮಾಡುತ್ತದೆಯೇ ಹೊರತು ಬಿಳಿ ಮಂಜನ್ನಲ್ಲ.

ಡಿಜಿಟಲ್ ಕ್ಯಾಮೆರಾ ಆದರೆ ಬಣ್ಣದ ಫಿಲ್ಟರ್ ಕೊಳ್ಳಬೇಡಿ, ಸುಮ್ನೆ ದುಡ್ಡು ದಂಡ. ರಾ (RAW) ಫೈಲ್‌ನಲ್ಲಿ, ಅಂದರೆ ಕ್ಯಾಮೆರಾ ಕಂಡದ್ದನ್ನೆಲ್ಲ ಹಾಗೇ ಉಳಿಸುವ ಫೈಲ್‌ನಲ್ಲಿ ತೆಗೆಯಿರಿ, ಕ್ಯಾಮೆರಾ ಪರದೆಯನ್ನು ಮಾನೋಕ್ರೋಮ್‌ಗೆ ಇಡಿ. ಕಣ್ಣಿಗೆ ಕಪ್ಪು-ಬಿಳುಪು ಕಾಣುತ್ತದೆ, ಫೈಲ್‌ನಲ್ಲಿ ಬಣ್ಣ ಹಾಗೇ ಇರುತ್ತದೆ. ಆಮೇಲೆ ಕಂಪ್ಯೂಟರ್‌ನಲ್ಲಿ ಹುಲ್ಲನ್ನು ಬೆಳಗಿಸಬೇಕಾದರೆ ಹಸಿರಿನ ಸ್ಲೈಡರ್ ಬಿಟ್ಟು ಹಳದಿಯದನ್ನು ಎಳೆದು ನೋಡಿ. ನಾವು ಹಸಿರು ಅಂದುಕೊಳ್ಳುವ ಎಲೆ-ಹುಲ್ಲಿನಲ್ಲಿ ಹಳದಿಯೇ ಜಾಸ್ತಿ ಇರುತ್ತದೆ.

ಪ್ರತಿಫಲನ ಕಡಿಮೆ ಮಾಡುವ, ಲೆನ್ಸ್ ಮುಂದೆ ತಿರುಗಿಸುವ ಪೋಲರೈಸರ್ ಫಿಲ್ಟರ್‌ನ ಕೆಲಸ ಮಾತ್ರ ಕಂಪ್ಯೂಟರ್‌ನಲ್ಲಿ ಸಿಗಲ್ಲ, ಅದನ್ನು ಕೊಳ್ಳಬಹುದು. ಆದರೆ ಕೆರೆ ಮುಂದೆ ಹುಷಾರು. ನಾನೊಮ್ಮೆ ಪೂರ್ತಿ ತಿರುಗಿಸಿಬಿಟ್ಟೆ. ಆಕಾಶವೇನೋ ಗಾಢ ನೀಲಿ ಆಯಿತು, ಆದರೆ ನೀರಿನಲ್ಲಿದ್ದ ಬೆಟ್ಟ ಹತ್ತಿರದಿಂದ ಅಳಿಸುತ್ತಾ ಹೋಗಿ ತಳದ ಕೆಸರು, ಯಾರೋ ಎಸೆದ ಬಾಟಲಿ ಕಂಡವು. ಉಂಗುರವನ್ನು ನಿಧಾನಕ್ಕೆ ತಿರುಗಿಸಿ, ಪ್ರತಿಬಿಂಬ ಉಳಿದಿರುವಾಗಲೇ ನಿಲ್ಲಿಸಿ. ಹಾಂ, ನೀರಿನಲ್ಲಿರುವ ಬೆಟ್ಟ ನಿಜವಾದ ಬೆಟ್ಟಕ್ಕಿಂತ ಯಾವಾಗಲೂ ಸ್ವಲ್ಪ ಕಪ್ಪಾಗಿಯೇ ಇರಬೇಕು. ಎಡಿಟ್ ಮಾಡುವಾಗ ಅದನ್ನು ಹೆಚ್ಚು ಬೆಳಗಿಸಿದರೆ ಎಲ್ಲೋ ಸುಳ್ಳಿದೆ ಅಂತ ನೋಡುವವರಿಗೆ ಅನ್ನಿಸುತ್ತದೆ.

ಎಲ್ಲರೂ ಹಿರೇಕೊಳಲೆಗೆ ಸಂಜೆ ಸೂರ್ಯಾಸ್ತಕ್ಕೆ ಹೋಗುತ್ತಾರೆ. ನೀವು ಬೆಳಗ್ಗೆ ಆರಕ್ಕೆ ಮೊದಲೇ ಕೆರೆ ಏರಿಯ ಮೇಲಿರಿ. ಬಿಸಿಲೇರಿ ಗಾಳಿ ಶುರುವಾದರೆ ನೀರು ನಡುಗಿ ಪ್ರತಿಬಿಂಬ ಚೂರಾಗುತ್ತದೆ. ಮಳೆಗಾಲದಲ್ಲಾದರೆ ಹುಲ್ಲಿನಲ್ಲಿ ಟ್ರೈಪಾಡ್ ಊರುವ ಮೊದಲು ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ. ಇಂಬಳ ಇರುತ್ತವೆ.